ಜರ್ಮನಿಯಲ್ಲಿ ಬಸುರಿಯರಿಗೆ ಎಷ್ಟು ಸ್ಕ್ಯಾನ್, ಯಾವಾಗ?

"ಇಲ್ಲಿ ಡಾಕ್ಟರು ಸ್ಕ್ಯಾನೇ ಮಾಡ್ತಿಲ್ಲ, ಸರಿಯಾಗಿ ನೋಡ್ತಿದ್ದಾರೋ ಇಲ್ವೋ" ಅಂತ ಹೊಸದಾಗಿ ಬಂದ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ. ಗಾಬರಿ ಬೇಡ. ಎಲ್ಲಾ ಸರಿಯಿದ್ದರೆ ಇಲ್ಲಿ ಸರ್ಕಾರಿ ವಿಮೆಯಲ್ಲಿ ಸಿಗುವುದು ಮೂರು ಸ್ಕ್ಯಾನ್: 9ರಿಂದ 12ನೇ ವಾರ, 19ರಿಂದ 22ನೇ ವಾರ, 29ರಿಂದ 32ನೇ ವಾರ. ತೊಂದರೆ ಕಂಡರೆ ಹೆಚ್ಚಿನ ಸ್ಕ್ಯಾನ್ ಖರ್ಚೂ ವಿಮೆಯದೇ. ನಡುವಿನ ಭೇಟಿಗಳಲ್ಲಿ ಬಿಪಿ, ತೂಕ, ಮೂತ್ರ, ರಕ್ತ ನೋಡುತ್ತಾರೆ. ಅದೂ ತಪಾಸಣೆಯೇ ಅಲ್ವಾ?

ಸ್ಕ್ಯಾನ್ ಸೆಂಟರ್ ಹುಡುಕಿಕೊಂಡು ಹೋಗಬೇಕಿಲ್ಲ. ನಿಮ್ಮ ಫ್ರೌವೆನ್ಆರ್ಟ್ಸ್ಟ್, ಅಂದರೆ ಹೆಂಗಸರ ಡಾಕ್ಟರು, ತಮ್ಮ ಕ್ಲಿನಿಕ್ಕಿನಲ್ಲೇ ಮಾಡುತ್ತಾರೆ. ಮೊದಲನೆಯದನ್ನು ಸಾಮಾನ್ಯವಾಗಿ ಯೋನಿಯ ಒಳಗಿನಿಂದಲೇ ಮಾಡುವುದರಿಂದ ಊರಿನಲ್ಲಿ ಹೇಳುವ ಹಾಗೆ ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಡಿ.

ಎಲ್ಲಕ್ಕಿಂತ ಮುಖ್ಯ ಎರಡನೆಯದು. ಇಲ್ಲಿ ಆಯ್ಕೆ ನಿಮ್ಮದು. ಸಾಧಾರಣ ಸ್ಕ್ಯಾನ್‌ನಲ್ಲಿ ತಲೆ, ಹೊಟ್ಟೆ, ತೊಡೆಮೂಳೆಯ ಅಳತೆ, ಮಾಸು ಎಲ್ಲಿದೆ ಎಂಬುದನ್ನು ನೋಡುತ್ತಾರೆ. ವಿಸ್ತೃತ ಸ್ಕ್ಯಾನ್‌ನಲ್ಲಿ ಇದರ ಜೊತೆ ಮೆದುಳು, ಹೃದಯದ ನಾಲ್ಕು ಕೋಣೆಗಳು, ಬೆನ್ನುಮೂಳೆ, ಹೊಟ್ಟೆಯ ಗೋಡೆ ಮುಚ್ಚಿಕೊಂಡಿದೆಯಾ, ಜಠರ, ಮೂತ್ರಕೋಶ ಕಾಣುತ್ತವಾ ಎಂದೂ ಪರೀಕ್ಷಿಸುತ್ತಾರೆ. ಎರಡಕ್ಕೂ ನೀವು ದುಡ್ಡು ಕೊಡಬೇಕಿಲ್ಲ. ನನ್ನ ಸಲಹೆ: ವಿಸ್ತೃತವನ್ನೇ ಕೇಳಿ. ಎಲ್ಲ ಡಾಕ್ಟರೂ ಅದನ್ನು ಮಾಡುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ವಿಚಾರಿಸಿ.

ಪ್ರತಿ ಅಳತೆಯನ್ನೂ ಮುಟ್ಟರ್‌ಪಾಸ್ ಎಂಬ ಪುಟ್ಟ ನೀಲಿ ಪುಸ್ತಕದಲ್ಲಿ ಬರೆಯುತ್ತಾರೆ. ಮಗುವಿನ ಬೆಳವಣಿಗೆಯ ಗೆರೆಚಿತ್ರವೂ ಅದರಲ್ಲಿದೆ. "ಔಫ್‌ಫೆಲಿಗ್‌ಕೈಟೆನ್" (ಗಮನಿಸಬೇಕಾದ ಅಂಶಗಳು) ಎಂಬ ಕಡೆ "ಯಾ" (ಹೌದು) ಎಂದು ಗುರುತು ಹಾಕಿದ್ದರೆ, ಏನೋ ಒಂದನ್ನು ಇನ್ನಷ್ಟು ನೋಡಬೇಕು ಎಂದಷ್ಟೇ. ರಾತ್ರಿಯಿಡೀ ಗೂಗಲ್ ಮಾಡುವ ಬದಲು ಡಾಕ್ಟರನ್ನೇ ಬಿಡಿಸಿ ಕೇಳಿ. ಅಗತ್ಯವಿದ್ದರೆ ಹೆರಿಗೆಪೂರ್ವ ತಜ್ಞರಿಗೆ ಚೀಟಿ ಬರೆದು ಕಳಿಸುತ್ತಾರೆ.

ದುಡ್ಡು ಕೊಟ್ಟು ಮಾಡಿಸುವ ಹೆಚ್ಚುವರಿ ಸ್ಕ್ಯಾನ್‌ಗಳನ್ನೂ ಮುಂದಿಡುತ್ತಾರೆ. ಮಗುವಿನ ಕತ್ತಿನ ಹಿಂದಿನ ದ್ರವದ ಪದರ ಅಳೆಯುವ, ಮೊದಲ ಮೂರು ತಿಂಗಳ ಎನ್‌ಟಿ ಪರೀಕ್ಷೆ ಊರಿನಲ್ಲಿ ಮಾಮೂಲು, ಇಲ್ಲಿ ಸಾಮಾನ್ಯವಾಗಿ ಸ್ವಂತ ಖರ್ಚು. ಬೇಕೋ ಬೇಡವೋ ಎಂದು ಗಂಡ ಹೆಂಡತಿ ಮನೆಯಲ್ಲೇ ಮಾತಾಡಿಕೊಂಡು ಹೋಗಿ. "ಯೋಚನೆ ಮಾಡಿ ಹೇಳ್ತೀವಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವೈದ್ಯಕೀಯ ಕಾರಣವಿಲ್ಲದೆ ನೆನಪಿಗಾಗಿ ಮಾತ್ರ 3ಡಿ ಸ್ಕ್ಯಾನ್ ಮಾಡುವುದಕ್ಕೆ 2021ರಿಂದ ನಿಷೇಧವಿದೆ.

ಇನ್ನೊಂದು ವಿಷಯ. ಗಂಡೋ ಹೆಣ್ಣೋ ಎಂಬುದನ್ನು ಇಲ್ಲಿ 14 ವಾರ ದಾಟಿದ ಮೇಲೆ ತಾಯಿ ಒಪ್ಪಿದರೆ ಹೇಳುತ್ತಾರೆ. ನಮ್ಮಲ್ಲಿ ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಹೇಳುವುದನ್ನು ನಿಷೇಧಿಸುವ 1994ರ ಕಾಯ್ದೆ ಬಂದದ್ದು ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳಲು. ಅದು ನೆನಪಿರಲಿ. ಗೊತ್ತಾದ ತಕ್ಷಣ ಊರಿಗೆ ಫೋನ್ ಮಾಡಿ ಹೇಳಲೇಬೇಕು ಎಂದೇನಿಲ್ಲ. ಯಾರಾದರೂ ಒತ್ತಾಯಿಸಿದರೆ "ನಮಗೂ ಗೊತ್ತಿಲ್ಲ" ಅಂದುಬಿಡಿ.

ಐದನೇ ತಿಂಗಳಲ್ಲಿ ಊರಿಗೆ ಹೋಗುವ ಯೋಚನೆಯಿದ್ದರೆ 19ರಿಂದ 22ನೇ ವಾರದ ಸ್ಕ್ಯಾನ್ ತಪ್ಪದ ಹಾಗೆ ಟಿಕೆಟ್ ಮಾಡಿಸಿ. ಮುಟ್ಟರ್‌ಪಾಸ್ ಕೈಚೀಲದಲ್ಲೇ ಇರಲಿ. ಜೊತೆಗೆ ಇಂಗ್ಲಿಷ್‌ನಲ್ಲಿ ಒಂದು ಚಿಕ್ಕ ಪತ್ರ ಬರೆಸಿಕೊಳ್ಳಿ. ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಡಾಕ್ಟರನ್ನು ಕಾಣಬೇಕಾಗಿ ಬಂದರೆ ಅವರಿಗೆ ಜರ್ಮನ್ ಓದುವ ಕಷ್ಟ ತಪ್ಪುತ್ತದೆ.