ಪ್ಲಾನ್ ದೊಡ್ಡದು ಮಾಡದೆ ನೆಟ್ ಸರಿಮಾಡಿದ್ದು: ತುಮಕೂರಿನ ಓದುವ ಕೋಣೆಯಲ್ಲಿ ಲಿನಕ್ಸ್ ಕರ್ನಲ್

ನೆಟ್ ಸ್ಲೋ ಅಂದ ತಕ್ಷಣ ಎಲ್ಲರಿಗೂ ಹೊಳೆಯುವುದು ದೊಡ್ಡ ಪ್ಲಾನ್. 50 ಎಂಬಿಪಿಎಸ್ ಸಾಲದಿದ್ದರೆ 100, ಅದೂ ಸಾಲದಿದ್ದರೆ 200. ತುಮಕೂರಿನಲ್ಲಿ ಅಂಗಡಿ, ಹಾಸ್ಟೆಲ್, ಕೋಚಿಂಗ್ ಸೆಂಟರ್‌ಗಳಿಗೆ ಕೇಬಲ್ ಎಳೆದು, ಕ್ಯಾಮೆರಾ ಹಾಕಿ, ವೈಫೈ ಕೂರಿಸುವುದು ನನ್ನ ಕಸುಬು. ನನ್ನ ಹತ್ತಿರ ಬರುವ ದೂರುಗಳಲ್ಲಿ ಬಹುಪಾಲಿಗೆ ಕಾರಣ ಸ್ಪೀಡಿನ ಕೊರತೆ ಅಲ್ಲವೇ ಅಲ್ಲ. ಎಲ್ಲೋ ಒಂದು ಕಡೆ ಡೇಟಾ ಸರದಿಗೆ ಕಾಯುವ ಕ್ಯೂ ವಿಪರೀತ ಬೆಳೆದಿರುತ್ತದೆ. ಆ ಕ್ಯೂವನ್ನು ಹತೋಟಿಗೆ ತರುವ ಸಾಧನ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ, ಕಾಸು ಖರ್ಚಿಲ್ಲದೆ. ನಮ್ಮ ಊರಿನ ಕಡೆ ಅದನ್ನು ಬಳಸುವವರು ಮಾತ್ರ ಕಡಿಮೆ. ಹಾಗಾಗಿ ನಾನು ಮಾಡಿದ ಒಂದು ಕೆಲಸವನ್ನು ಬಿಡಿಸಿ ಹೇಳುತ್ತೇನೆ.

ಎಸ್.ಎಸ್. ಪುರಂನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮನೆಯ ಮಹಡಿಯನ್ನು ಓದುವ ಕೋಣೆ ಮಾಡಿದ್ದಾರೆ. ಪಿಎಸ್‌ಐ, ಪಿಡಿಒ, ಕೆಎಎಸ್ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಬಂದು ಓದುತ್ತಾರೆ. ಪಾವಗಡ, ಮಧುಗಿರಿ, ಸಿರಾ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡಿರುವವರೇ ಜಾಸ್ತಿ. ಹಗಲು ಪುಸ್ತಕ, ಸಂಜೆ ಆರರ ಮೇಲೆ ಆನ್‌ಲೈನ್ ಮಾಕ್ ಟೆಸ್ಟ್. ತೊಂದರೆ ಶುರುವಾಗುತ್ತಿದ್ದುದು ಆಗಲೇ. ಉತ್ತರ ಒತ್ತಿದರೆ ಚಕ್ರ ತಿರುಗುತ್ತಾ ಕೂರುತ್ತದೆ, ಪರೀಕ್ಷೆಯ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಲೈವ್ ಕ್ಲಾಸ್‌ನಲ್ಲಿ ಪಾಠ ಮಾಡುವವರ ಮಾತು ತುಂಡು ತುಂಡು. ಲೈನು 50 ಎಂಬಿಪಿಎಸ್ ಫೈಬರ್, ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ 50 ತೋರಿಸುತ್ತದೆ. ಲೈನ್ ಕೊಟ್ಟವರು ಅದನ್ನೇ ತೋರಿಸಿ, "ನಮ್ಮ ಕಡೆ ಏನೂ ತೊಂದರೆ ಇಲ್ಲ ಸಾರ್, ಪ್ಲಾನ್ ಅಪ್‌ಗ್ರೇಡ್ ಮಾಡಿಸಿ" ಅಂದಿದ್ದರು.

ನಾನು ಮೊದಲು ಮಾಡಿದ್ದು ಒಂದೇ ಒಂದು ಪರೀಕ್ಷೆ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಯಾರೂ ಬಳಸದ ಹೊತ್ತಿನಲ್ಲಿ ಹೊರಗಿನ ಒಂದು ವಿಳಾಸಕ್ಕೆ ಪಿಂಗ್, ಅಂದರೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪುಟ್ಟ ಸಂದೇಶ, ಹಾಕಿ ಬಿಡಬೇಕು. ಅದು ಓಡುತ್ತಿರುವಾಗಲೇ ಇನ್ನೊಂದು ಕಂಪ್ಯೂಟರಿನಿಂದ ದೊಡ್ಡ ಫೈಲ್ ಡೌನ್‌ಲೋಡ್ ಶುರುಮಾಡಬೇಕು. ಇಲ್ಲಿ ಖಾಲಿ ಲೈನ್‌ನಲ್ಲಿ ಪಿಂಗ್ ಸುಮಾರು 10 ಮಿಲಿಸೆಕೆಂಡ್ ಇತ್ತು. ಡೌನ್‌ಲೋಡ್ ಹತ್ತಿದ ಮೇಲೆ 300 ದಾಟಿತು, ಒಮ್ಮೊಮ್ಮೆ 400ರ ಹತ್ತಿರ ಹೋಯಿತು. ಡೌನ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ 10. ಇಷ್ಟು ಕಂಡರೆ ರೋಗ ಯಾವುದು ಅಂತ ಗೊತ್ತಾಯಿತು ಅಂತಲೇ ಅರ್ಥ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು.

ಆಗುವುದು ಇಷ್ಟೇ. ಲೈನ್ ಹೊರುವುದಕ್ಕಿಂತ ಜಾಸ್ತಿ ಡೇಟಾ ಬಂದಾಗ ಮೋಡೆಮ್ಮೋ ರೂಟರ್ರೋ ಅದನ್ನು ಬಫರ್ ಅನ್ನುವ ತಾತ್ಕಾಲಿಕ ಮೆಮೊರಿಯಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಮೆಮೊರಿ ಅಗ್ಗ ಅಲ್ವಾ, ತಯಾರಕರು ಧಾರಾಳವಾಗಿ ಬಫರ್ ಇಟ್ಟುಬಿಟ್ಟರು. ಲೆಕ್ಕ ಹಾಕಿ ನೋಡಿ. ಲಿನಕ್ಸ್‌ನಲ್ಲಿ ಎತರ್ನೆಟ್ ಕಾರ್ಡಿನ ಕ್ಯೂ ಉದ್ದ ಬಹಳ ಕಾಲದಿಂದ 1000 ಪ್ಯಾಕೆಟ್, ಅಂದರೆ ಡೇಟಾದ ಸಾವಿರ ಚಿಕ್ಕ ತುಂಡು. ಒಂದೊಂದು ಪ್ಯಾಕೆಟ್ 1500 ಬೈಟ್ ಅಂದರೆ ಒಟ್ಟು 15 ಲಕ್ಷ ಬೈಟ್, 1.2 ಕೋಟಿ ಬಿಟ್. 50 ಎಂಬಿಪಿಎಸ್ ಲೈನ್‌ನಲ್ಲಿ ಅಷ್ಟು ಖಾಲಿಯಾಗಲು 240 ಮಿಲಿಸೆಕೆಂಡ್ ಬೇಕು. 10 ಎಂಬಿಪಿಎಸ್ ಲೈನ್ ಆದರೆ 1.2 ಸೆಕೆಂಡ್! ಮಾಕ್ ಟೆಸ್ಟ್‌ನ ಉತ್ತರ ತಲುಪಿತು ಅಂತ ಆ ಕಡೆಯಿಂದ ವಾಪಸ್ ಬರುವ ಸುದ್ದಿ ಒಂದು ಪುಟಾಣಿ ಪ್ಯಾಕೆಟ್. ಅದು ಯಾರದೋ ಡೌನ್‌ಲೋಡಿನ ಸಾವಿರ ಪ್ಯಾಕೆಟ್ ಹಿಂದೆ ನಿಂತು ಕಾಯುತ್ತದೆ. ಕ್ಯಾತ್ಸಂದ್ರ ಟೋಲ್‌ನಲ್ಲಿ ಒಂದೇ ಸಾಲು ತೆರೆದು ಲಾರಿಗಳನ್ನೆಲ್ಲ ಅದರಲ್ಲೇ ಬಿಟ್ಟರೆ ಹಿಂದೆ ಸಿಕ್ಕಿಕೊಂಡ ಕಾರಿಗೆ ಏನಾಗುತ್ತದೋ ಅದೇ ಇದು. ಹೈವೇ ಎಷ್ಟು ಅಗಲ ಇದ್ದರೂ ಅದಕ್ಕೆ ಉಪಯೋಗ ಇಲ್ಲ.

ಈ ಸಮಸ್ಯೆಯ ಬೇರು ಹಳೆಯದು. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೆಲವೇ ನೂರು ಗಜ ದೂರದ ಎರಡು ಜಾಗಗಳ ನಡುವೆ 32 ಕೆಬಿಪಿಎಸ್ ಇದ್ದ ವೇಗ ದಟ್ಟಣೆಯಿಂದ ಸೆಕೆಂಡಿಗೆ 40 ಬಿಟ್‌ಗೆ ಕುಸಿದಿತ್ತು. ಅದನ್ನು ನೋಡಿ ಅಲ್ಲಿನ ಸಂಶೋಧಕ ವ್ಯಾನ್ ಜೇಕಬ್ಸನ್, ಇಂಟರ್ನೆಟ್‌ನಲ್ಲಿ ಡೇಟಾ ಕಳಿಸುವ ನಿಯಮವಾದ ಟಿಸಿಪಿಗೆ ಒಂದು ಶಿಸ್ತು ಕಲಿಸಿದರು. ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆ ಅಂತ ತಿಳಿದು ಕಳಿಸುವವನು ನಿಧಾನ ಮಾಡಬೇಕು. ದೊಡ್ಡ ಬಫರ್ ಈ ಶಿಸ್ತನ್ನೇ ಕೆಡಿಸಿತು. ಪ್ಯಾಕೆಟ್ ಕಳೆಯುವುದೇ ಇಲ್ಲ, ಸುಮ್ನೆ ತಡವಾಗುತ್ತದೆ. ಕಳಿಸುವವನಿಗೆ ಸುಳಿವು ಸಿಗುವುದಿಲ್ಲ, ಇನ್ನೂ ತುಂಬುತ್ತಾ ಹೋಗುತ್ತಾನೆ. 2010ರ ಹೊತ್ತಿಗೆ ಅಮೆರಿಕದ ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ ತಮ್ಮ ಮನೆಯ ಲೈನ್‌ನಲ್ಲಿ ಇದನ್ನು ಕಂಡು ಊರೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಕೋಡೆಲ್ ಅನ್ನುವ ವಿಧಾನ ಕೊಟ್ಟರು. ಎರಿಕ್ ಡುಮಾಜೆ ಅದನ್ನು ಲಿನಕ್ಸ್‌ಗೆ ಬರೆದರು. ಅದೇ ವರ್ಷ ಕರ್ನಲ್ 3.5ರಲ್ಲಿ ಕೋಡೆಲ್, ಎಫ್‌ಕ್ಯೂ-ಕೋಡೆಲ್ ಎರಡೂ ಬಂದವು.

ಕೋಡೆಲ್‌ನ ಬುದ್ಧಿವಂತಿಕೆ ನನಗೆ ಬಹಳ ಹಿಡಿಸುತ್ತದೆ. ಕ್ಯೂ ಎಷ್ಟು ಉದ್ದ ಇದೆ ಅಂತ ಅದು ನೋಡುವುದೇ ಇಲ್ಲ. ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಕಾಯುವ ಸಮಯ 100 ಮಿಲಿಸೆಕೆಂಡ್‌ನಲ್ಲಿ ಒಮ್ಮೆಯೂ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯಲಿಲ್ಲ ಅಂದರೆ ಒಂದು ಪ್ಯಾಕೆಟ್ ಬಿಸಾಡುತ್ತದೆ. ಆಮೇಲೂ ಇಳಿಯಲಿಲ್ಲ ಅಂದರೆ ಬಿಸಾಡುವ ಅಂತರ ಕಡಿಮೆ ಮಾಡುತ್ತಾ ಹೋಗುತ್ತದೆ. ಒಂದು ಕ್ಷಣ ನುಗ್ಗಿ ಬಂದು ಕರಗಿ ಹೋಗುವ ದಟ್ಟಣೆಯನ್ನು ಅದು ಮುಟ್ಟುವುದಿಲ್ಲ, ಅಂಟಿಕೊಂಡು ಕೂತ ಕ್ಯೂಗೆ ಮಾತ್ರ ಕೈ ಹಾಕುತ್ತದೆ. ಎಫ್‌ಕ್ಯೂ-ಕೋಡೆಲ್ ಇದರ ಜೊತೆಗೆ 1024 ಬೇರೆ ಬೇರೆ ಸಾಲು ಮಾಡಿ, ಪ್ರತಿ ಸಂಪರ್ಕವನ್ನೂ ಒಂದೊಂದು ಸಾಲಿಗೆ ಹಾಕುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ಪುಟ್ಟ ಪ್ಯಾಕೆಟ್‌ಗೆ ಮೊದಲ ಸರದಿ.

ಹಾಗಾದರೆ ಲಿನಕ್ಸ್ ರೂಟರ್ ಇಟ್ಟು ಎಫ್‌ಕ್ಯೂ-ಕೋಡೆಲ್ ಹಾಕಿದರೆ ಮುಗಿಯಿತಾ? ಇಲ್ಲ. ಮುಖ್ಯವಾದ ಮಾತು ಇಲ್ಲಿದೆ. ಕ್ಯೂ ಎಲ್ಲಿ ಬೆಳೆಯುತ್ತದೋ ಅಲ್ಲೇ ಅದನ್ನು ಸಂಭಾಳಿಸಬೇಕು. ನನ್ನ ಕಂಪ್ಯೂಟರಿನ ಕಾರ್ಡು 1 ಜಿಬಿಪಿಎಸ್, ಲೈನು 50 ಎಂಬಿಪಿಎಸ್. ನನ್ನ ಪೆಟ್ಟಿಗೆಯಲ್ಲಿ ಕ್ಯೂ ಕಟ್ಟುವುದೇ ಇಲ್ಲ. ಅದು ಕಟ್ಟುವುದು ಫೈಬರ್ ಡಬ್ಬದಲ್ಲಿ ಅಥವಾ ಲೈನ್ ಕೊಟ್ಟವರ ಆಫೀಸಿನ ಉಪಕರಣದಲ್ಲಿ. ಅಲ್ಲಿಗೆ ನನ್ನ ಕೈ ಹೋಗುವುದಿಲ್ಲ. ಕ್ಯೂವನ್ನು ನನ್ನ ಕಡೆ ಎಳೆದುಕೊಳ್ಳಬೇಕು ಅಂದರೆ ನನ್ನ ಪೆಟ್ಟಿಗೆಯನ್ನೇ ದಾರಿಯ ಅತಿ ಕಿರಿದಾದ ಜಾಗ ಮಾಡಬೇಕು. 50ರ ಲೈನ್‌ಗೆ 46 ಅಂತ ವೇಗದ ಕಟ್ಟು, ಅಂದರೆ ಮಿತಿ, ಹಾಕಿದೆ. ಈಗ ಕ್ಯೂ ನನ್ನಲ್ಲೇ ಕಟ್ಟುತ್ತದೆ, ನಾನು ಹೇಳಿದ ಹಾಗೆ ಕೇಳುತ್ತದೆ.

ಇದಕ್ಕೆ ನಾನು ಬಳಸಿದ್ದು ಕೇಕ್ ಅನ್ನುವ ಕ್ಯೂ ನಿರ್ವಾಹಕ. 2018ರಲ್ಲಿ ಕರ್ನಲ್ 4.19ಕ್ಕೆ ಸೇರಿದ್ದು. ವೇಗದ ಕಟ್ಟು, ಕೋಡೆಲ್ ಜಾತಿಯ ಕ್ಯೂ, ಆಳಿಗೊಂದು ಪಾಲು, ಎಲ್ಲ ಒಂದರಲ್ಲೇ ಇದೆ. ಮೇಷ್ಟ್ರ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪ್‌ಗೆ ಎರಡನೇ ಲ್ಯಾನ್ ಕಾರ್ಡ್ ಹಾಕಿದೆ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಕೂರಿಸಿದೆ, ಅದರ ಕರ್ನಲ್ 6.1, ಕೇಕ್ ಅದರಲ್ಲೇ ಬರುತ್ತದೆ. ಲೈನು ಪಿಪಿಪಿಒಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಆದ್ದರಿಂದ ಅಪ್‌ಲೋಡ್ ಕಡೆಯ ಕೇಕ್ ಅನ್ನು ಪಿಪಿಪಿ ಇಂಟರ್‌ಫೇಸ್ ಮೇಲೆ, ಅಂದರೆ ಆ ಲೈನ್‌ಗೆ ಕಂಪ್ಯೂಟರ್ ತೆರೆಯುವ ಬಾಗಿಲಿನ ಮೇಲೆ, ಹಾಕಿದೆ. ಡೌನ್‌ಲೋಡ್‌ಗೆ ಐಎಫ್‌ಬಿ ಅನ್ನುವ ನಕಲಿ ಇಂಟರ್‌ಫೇಸ್ ಮಾಡಿ ತಿರುಗಿಸುವುದು ವಾಡಿಕೆ. ಇಲ್ಲಿ ಅದು ಬೇಕಾಗಲಿಲ್ಲ. ಒಳಬರುವುದೆಲ್ಲ ಒಂದೇ ಲ್ಯಾನ್ ಕಾರ್ಡಿನಿಂದ ಕೋಣೆಗೆ ಹೋಗುತ್ತದೆ, ಹಾಗಾಗಿ ಆ ಕಾರ್ಡಿನ ಹೊರಬಾಗಿಲಲ್ಲೇ ಎರಡನೇ ಕೇಕ್ ಇಟ್ಟೆ. ಆ ಕಡೆಗೆ ಇಂಗ್ರೆಸ್ ಅನ್ನುವ ಆಯ್ಕೆ ಕೊಡುವುದು ಮರೆಯಬಾರದು. ಬಿಸಾಡಿದ ಪ್ಯಾಕೆಟ್ ಕೂಡ ಆಗಲೇ ನಮ್ಮ ಲೈನ್ ದಾಟಿ ಬಂದಿರುತ್ತದೆ, ಆ ಆಯ್ಕೆ ಇದ್ದರೆ ಕೇಕ್ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಆಳಿಗೊಂದು ಪಾಲು ಅನ್ನುವುದು ಓದುವ ಕೋಣೆಯಂಥ ಜಾಗಕ್ಕೆ ಬಹಳ ದೊಡ್ಡ ವರ. ಎಫ್‌ಕ್ಯೂ-ಕೋಡೆಲ್ ಸಂಪರ್ಕಕ್ಕೊಂದು ಪಾಲು ಕೊಡುತ್ತದೆ. ಒಬ್ಬ ಡೌನ್‌ಲೋಡ್ ಸಾಫ್ಟ್‌ವೇರ್ ಹಾಕಿಕೊಂಡು 30 ಸಂಪರ್ಕ ತೆರೆದರೆ ಅವನಿಗೆ 30 ಪಾಲು, ಪಕ್ಕದಲ್ಲಿ ಟೆಸ್ಟ್ ಬರೆಯುವವಳಿಗೆ ಒಂದು. ಕೇಕ್‌ನಲ್ಲಿ ಮೊದಲು ಒಂದೊಂದು ಫೋನಿಗೆ ಸಮಪಾಲು, ಆಮೇಲೆ ಆ ಫೋನಿನ ಒಳಗೆ ಅದರ ಸಂಪರ್ಕಗಳಿಗೆ ಹಂಚಿಕೆ. ಹೊರಗೆ ಹೋಗುವಾಗ ಎಲ್ಲ ಫೋನ್‌ಗಳೂ ಒಂದೇ ವಿಳಾಸದ ಹಿಂದೆ ಅಡಗುತ್ತವೆ, ಇದಕ್ಕೆ ನ್ಯಾಟ್ ಅಂತ ಹೆಸರು. ಅಪ್‌ಲೋಡ್ ಕಡೆ ನ್ಯಾಟ್ ಆಯ್ಕೆ ಹಾಕಿದರೆ ಕೇಕ್ ಕರ್ನಲ್‌ನ ಸಂಪರ್ಕ ಪಟ್ಟಿಯನ್ನು ನೋಡಿ ಯಾವ ಪ್ಯಾಕೆಟ್ ಯಾವ ಫೋನಿನದು ಅಂತ ಗುರುತು ಹಿಡಿಯುತ್ತದೆ. ಯಾರ ಮೇಲೂ ಕಣ್ಣಿಡಬೇಕಿಲ್ಲ, ಯಾವ ಆ್ಯಪ್ ಅನ್ನೂ ಬ್ಲಾಕ್ ಮಾಡಬೇಕಿಲ್ಲ. "ಯಾರಪ್ಪಾ ಸಿನಿಮಾ ಡೌನ್‌ಲೋಡ್ ಹಾಕಿರೋದು?" ಅಂತ ಮೇಷ್ಟ್ರು ಸಂಜೆ ಸಂಜೆ ಮಹಡಿ ಹತ್ತುವುದು ತಪ್ಪಿತು.

ಕೆಲಸ ಮುಗಿದ ಮೇಲೆ ಮೇಷ್ಟ್ರು ಸ್ಪೀಡ್ ಟೆಸ್ಟ್ ಹಾಕಿ ನೋಡಿದರು. "ಏನಯ್ಯಾ, ನಲವತ್ನಾಲ್ಕು ತೋರಿಸ್ತಿದೆ? ನಾನು ಐವತ್ತಕ್ಕೆ ದುಡ್ಡು ಕಟ್ತಾ ಇದ್ದೀನಿ ಕಣಯ್ಯಾ."

"ಮೇಷ್ಟ್ರೇ, ಅದು ಓಡ್ತಾ ಇರ್ಲಿ, ನಿಲ್ಲಿಸಬೇಡಿ. ಈಗ ಹೈದರಾಬಾದಿನಲ್ಲಿರೋ ಮಗಳಿಗೆ ವಿಡಿಯೋ ಕಾಲ್ ಮಾಡಿ" ಅಂದೆ.

ಅವರು ಸ್ಪೀಡ್ ಟೆಸ್ಟ್ ಮತ್ತೆ ಮತ್ತೆ ಒತ್ತುತ್ತಲೇ ಮಗಳ ಜೊತೆ ಮಾತಾಡಿದರು. ಮಾತು ಒಂದು ಕಡೆಯೂ ಕಡಿಯಲಿಲ್ಲ. ನಾನು ಪಕ್ಕದಲ್ಲಿ ಪಿಂಗ್ ತೋರಿಸಿದೆ. ಲೈನ್ ತುಂಬಿದ್ದಾಗಲೂ 15ರಿಂದ 20 ಮಿಲಿಸೆಕೆಂಡ್. ಕಾಲ್ ಮುಗಿಸಿ, "ಆ ಆರು ಹೋದರೆ ಹೋಗ್ಲಿ ಬಿಡು" ಅಂದರು. ಆರು ಎಂಬಿಪಿಎಸ್ ಬಿಟ್ಟುಕೊಟ್ಟು ಮುನ್ನೂರು ಮಿಲಿಸೆಕೆಂಡ್ ಉಳಿಸುವುದು ನನ್ನ ಪ್ರಕಾರ ಕಣ್ಣುಮುಚ್ಚಿ ಮಾಡಬಹುದಾದ ವ್ಯಾಪಾರ.

ಕೇಕ್ ಇಟ್ಟಮೇಲೆ ಅದರ ಅಂಕಿಅಂಶ ನೋಡುವ ಅಭ್ಯಾಸ ಮಾಡಿಕೊಳ್ಳಿ. ಲಿನಕ್ಸ್‌ನಲ್ಲಿ ಕ್ಯೂ ಹೊಂದಿಸುವ ಟಿಸಿ ಕಮಾಂಡ್‌ಗೆ ಮೈನಸ್ ಎಸ್ ಸೇರಿಸಿದರೆ ಸಿಗುತ್ತದೆ. ಅದರಲ್ಲಿ ಗರಿಷ್ಠ ಕಾಯುವಿಕೆ, ಸರಾಸರಿ ಕಾಯುವಿಕೆ, ಪುಟ್ಟ ಸಂಪರ್ಕಗಳ ಕಾಯುವಿಕೆ ಅಂತ ಮೂರು ಸಾಲು ಇರುತ್ತವೆ. ಮೂರನೆಯದು ಮೈಕ್ರೋಸೆಕೆಂಡ್‌ಗಳಲ್ಲೇ ಇದ್ದರೆ ಟೆಸ್ಟ್ ಬರೆಯುವವರು ನೆಮ್ಮದಿಯಾಗಿದ್ದಾರೆ ಅಂತ ಅರ್ಥ. ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆ ಏರುತ್ತಾ ಇರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಕಳಿಸುವವರಿಗೆ ನಿಧಾನ ಮಾಡು ಅಂತ ಹೇಳುವ ದಾರಿಯೇ ಅದು. ಒಂದು ಎಚ್ಚರಿಕೆ: ಕೇಕ್ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. 50 ಎಂಬಿಪಿಎಸ್‌ಗೆ ಹಳೆಯ ಡೆಸ್ಕ್‌ಟಾಪ್ ಬೆವರುವುದಿಲ್ಲ. ಅಗ್ಗದ ವೈಫೈ ರೂಟರ್‌ನಲ್ಲಿ ಕೆಲವು ನೂರು ಎಂಬಿಪಿಎಸ್‌ಗೆ ಇದನ್ನೇ ಹಾಕಿದರೆ ಪ್ರೊಸೆಸರ್ರೇ ಅಡ್ಡಿಯಾಗುತ್ತದೆ.

ವೈಫೈ ಕಡೆ ಇನ್ನೊಂದು ತೊಡಕಿತ್ತು. ಮೂಲೆಯ ಮೇಜಿನ ಹಳೆಯ ಫೋನಿಗೆ ಸಿಗ್ನಲ್ ಕಮ್ಮಿ. ಅದು ನಿಧಾನವಾಗಿ ಮಾತಾಡುತ್ತಾ ಎಲ್ಲರ ಗಾಳಿ ಸಮಯವನ್ನೂ, ಅಂದರೆ ವೈಫೈ ತರಂಗ ಬಳಸುವ ಸರದಿಯನ್ನೂ, ತಿಂದುಹಾಕುತ್ತಿತ್ತು. ಇದಕ್ಕೂ ಕರ್ನಲ್‌ನಲ್ಲಿ ಉತ್ತರ ಇದೆ. ಟೋಕೆ ಹೋಯ್ಲಂಡ್-ಯಾರ್ಗನ್‌ಸನ್, ಡೇವ್ ಟಾಟ್ ಮತ್ತು ಗೆಳೆಯರು 2016-17ರ ಹೊತ್ತಿಗೆ ಲಿನಕ್ಸ್‌ನ ವೈಫೈ ಭಾಗಕ್ಕೆ ಎಫ್‌ಕ್ಯೂ-ಕೋಡೆಲ್ ತಂದರು. ಪ್ರತಿ ಫೋನಿಗೂ ಗಾಳಿ ಸಮಯ ಸಮನಾಗಿ ಹಂಚುವ ವ್ಯವಸ್ಥೆಯನ್ನೂ ಮೊದಲು ಅಥೆರಾಸ್ ಚಿಪ್‌ನ ಎಟಿಎಚ್9ಕೆ ಡ್ರೈವರ್‌ಗೆ ಬರೆದರು. ಆ ಚಿಪ್ ಇರುವ ಹಳೆಯ ರೂಟರ್ ಹುಡುಕಿ, ರೂಟರ್‌ಗೆಂದೇ ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಹಾಕಿ ಕೂರಿಸಿದೆ. ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಈ ಕೆಲಸಕ್ಕೆ ಅವರಷ್ಟು ಹಠದಿಂದ ಓಡಾಡಿದವರು ಕಡಿಮೆ. ತುಮಕೂರಿನ ಒಂದು ಮಹಡಿಯ ಹುಡುಗರು ಅದರ ಫಲ ಉಣ್ಣುತ್ತಿದ್ದಾರೆ, ಅದನ್ನು ನೆನೆಯದೆ ಇರಲಾರೆ.

ಬಿಬಿಆರ್ ಹಾಕಿದಿರಾ ಅಂತ ಕೆಲವರು ಕೇಳುತ್ತಾರೆ. ಟಿಸಿಪಿ ಎಷ್ಟು ವೇಗದಲ್ಲಿ ಕಳಿಸಬೇಕು ಅಂತ ನಿರ್ಧರಿಸುವ ವಿಧಾನ ಅದು, ಗೂಗಲ್‌ನವರು ಬರೆದದ್ದು, 2016ರಲ್ಲಿ ಕರ್ನಲ್ 4.9ಕ್ಕೆ ಬಂತು, ಒಳ್ಳೆಯ ಕೆಲಸ. ಆದರೆ ಅದು ಡೇಟಾ ಕಳಿಸುವ ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ರೂಟರ್ ಬೇರೆಯವರ ಪ್ಯಾಕೆಟ್ ದಾಟಿಸುತ್ತದೆ ಅಷ್ಟೇ, ಅದರಲ್ಲಿ ಬಿಬಿಆರ್ ಹಾಕಿದರೆ ಕೋಣೆಯವರಿಗೆ ಏನೂ ಸಿಗದು. ಹಾಗೆಯೇ 2024ರ ಕರ್ನಲ್ 6.8ರಲ್ಲಿ ನೆಟ್‌ವರ್ಕ್ ಭಾಗದ ಒಳರಚನೆ ಮರುಜೋಡಿಸಿ, ಸಾವಿರಾರು ಸಂಪರ್ಕ ಇರುವ ಕಡೆ ಟಿಸಿಪಿ ವೇಗ 40 ಶೇಕಡಾವರೆಗೆ ಏರಿತು ಅಂತ ದೊಡ್ಡ ಸುದ್ದಿಯಾಯಿತು. ಅದು ದೊಡ್ಡ ಸರ್ವರ್‌ಗಳ ಲಾಭ. ನಮ್ಮಂಥ ಚಿಕ್ಕ ಪೆಟ್ಟಿಗೆಗೆ ಅದಕ್ಕೋಸ್ಕರ ಕರ್ನಲ್ ಬದಲಿಸುವ ಅಗತ್ಯ ಇಲ್ಲ.

ಇನ್ನು ಉಳಿದಿರುವುದು ಒಂದು ಕಷ್ಟ. ಕೆಲವು ಸಂಜೆ ಲೈನೇ 50 ಕೊಡುವುದಿಲ್ಲ, 35ಕ್ಕೆ ಇಳಿಯುತ್ತದೆ. ಆಗ 46ರ ಕಟ್ಟು ಲೈನ್‌ಗಿಂತ ದೊಡ್ಡದಾಗಿ, ಕ್ಯೂ ಮತ್ತೆ ಆ ಕಡೆಗೆ ಹಾರುತ್ತದೆ. ಸದ್ಯಕ್ಕೆ ಪಿಂಗ್ ಅಳೆಯುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ. ಪಿಂಗ್ 60 ಮಿಲಿಸೆಕೆಂಡ್ ದಾಟಿ ನಿಂತರೆ ಅದು ಕಟ್ಟನ್ನು 32ಕ್ಕೆ ಇಳಿಸುತ್ತದೆ, ರಾತ್ರಿ ಹನ್ನೊಂದಕ್ಕೆ ಮತ್ತೆ 46ಕ್ಕೆ ಏರಿಸುತ್ತದೆ. ಕರೆಂಟ್ ಹೋಗಿ ಬಂದಾಗ ಪಿಪಿಪಿ ಇಂಟರ್‌ಫೇಸ್ ಹೊಸದಾಗಿ ಹುಟ್ಟುತ್ತದೆ, ಹಳೆಯ ಕೇಕ್ ಅದರ ಜೊತೆಗೇ ಮಾಯ. ಅದಕ್ಕೆ ಪಿಪಿಪಿ ಏಳುವಾಗ ಓಡುವ ಸ್ಕ್ರಿಪ್ಟ್‌ಗಳ ಫೋಲ್ಡರ್‌ನಲ್ಲೇ ಕೇಕ್ ಹಾಕುವ ಸಾಲನ್ನು ಇಡಬೇಕು. ಬೂಟ್ ಆಗುವಾಗ ಒಮ್ಮೆ ಓಡಿಸಿದರೆ ಸಾಲದು.