ಡ್ರೈವರ್ ಮನೆಯಲ್ಲೇ ಉಳಿಯಿತು: ಗಾಲ್ಫ್ ವೃತ್ತಿಪರನಾಗಿ ಪ್ರಮಾಣಪತ್ರ ಪಡೆದ ನನ್ನ ಅನುಭವ

ಗಾಲ್ಫ್ ಕಲಿಸುವ ಪ್ರಮಾಣಪತ್ರಕ್ಕೆ ಮೊದಲು ಗೆಲ್ಲಬೇಕಾದ ಆಟದ ಪರೀಕ್ಷೆಯನ್ನು ಐದನೇ ಪ್ರಯತ್ನದಲ್ಲಿ ಗೆದ್ದೆ. ಬೆಳಗಿನ ಸುತ್ತು 75, ಮಧ್ಯಾಹ್ನದ್ದು 78, ಒಟ್ಟು 153 ಹೊಡೆತ. ಅಂದಿನ ಗುರಿ 157, ಅದನ್ನು ಮೀರಬಾರದು. ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಇಲ್ಲದೆ ಈ ಪರೀಕ್ಷೆ ಆಗುವ ಮಾತಲ್ಲ ಎಂದು ಎರಡು ವರ್ಷ ಹೇಳುತ್ತಲೇ ಬಂದಿದ್ದ ಹಿರಿಯರೊಬ್ಬರು ಮರುದಿನ ನನ್ನ ಎರಡೂ ಕಾರ್ಡುಗಳ ಪ್ರತಿ ಕೇಳಿ ಪಡೆದು, ಒಂದೊಂದು ಹೋಲ್ ಮೇಲೂ ಬೆರಳಿಟ್ಟು ನೋಡಿದರು. "ಡಬಲ್ ಬೋಗಿ ಒಂದೇ ಒಂದಾ?" ಎಂದು ಕೇಳಿದರು. (ಹೋಲ್‌ಗೆ ನಿಗದಿಯಾದ ಹೊಡೆತವೇ ಪಾರ್; ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ.) ಒಂದೇ. ಹೇಗೆ ಮಾಡಿದೆ ಎಂದು ಬರೆಯುವ ಹಕ್ಕು ಈಗ ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಪರೀಕ್ಷೆಯ ಲೆಕ್ಕ ಹೀಗೆ. ಒಂದೇ ದಿನ 36 ಹೋಲ್, ಅಂದರೆ ಎರಡು ಸುತ್ತು. ಕೋರ್ಸ್ ರೇಟಿಂಗಿನ (ನುರಿತ ಆಟಗಾರನಿಗೆ ಆ ಅಂಗಳದಲ್ಲಿ ಒಂದು ಸುತ್ತಿಗೆ ಬೇಕೆಂದು ಅಂದಾಜಿಸಿದ ಹೊಡೆತ) ಎರಡರಷ್ಟಕ್ಕೆ 15 ಸೇರಿಸಿದರೆ ಗುರಿ. ರೇಟಿಂಗ್ 71 ಇದ್ದರೆ 157. ಗೆಳೆಯರ ಜೊತೆ 74, 75 ಆಡುತ್ತಿದ್ದವನಿಗೆ ಇದು ಕೈಗೆಟುಕುವ ಅಂಕಿ ಎಂದೇ ಕಂಡಿತ್ತು. ಮೊದಲ ಸಲ 168 ಬಂತು.

ತಪ್ಪು ಐರನ್ ಎಂಬ ಕ್ಲಬ್‌ಗಳದ್ದು ಎಂದು ತೀರ್ಮಾನಿಸಿ ಇಡೀ ಸೆಟ್ ಹೊಸದು ಕೊಂಡೆ. ನನ್ನ ಮೂರು ತಿಂಗಳ ಸಂಬಳ ಅದಕ್ಕೇ ಹೋಯಿತು. ಎರಡನೇ ಪ್ರಯತ್ನ 163. ಐದು ಹೊಡೆತ ಇಳಿದದ್ದು ಹೊಸ ಐರನ್‌ಗಳಿಂದ ಎಂದು ಕೆಲವು ವಾರ ನಂಬಿದ್ದೆ. ಆ ದಿನ ಗಾಳಿಯೇ ಇರಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಸೆಟ್ಟನ್ನು ಅರ್ಧ ಬೆಲೆಗೆ ಮಾರಿ ಹಳೆಯದಕ್ಕೇ ಮರಳಿದೆ. ಪ್ರವೇಶ ಶುಲ್ಕ, ಅಭ್ಯಾಸ ಸುತ್ತು, ಪ್ರಯಾಣ, ಒಂದು ರಾತ್ರಿಯ ವಸತಿ ಎಲ್ಲ ಸೇರಿ ಪ್ರತಿ ಪ್ರಯತ್ನಕ್ಕೆ ಅರ್ಧ ತಿಂಗಳ ಸಂಬಳ ಬೇಕಾಗುತ್ತಿತ್ತು. ಅಭ್ಯಾಸದ ರೇಂಜ್‌ನಲ್ಲಿ ಚೆಂಡು ಆರಿಸುತ್ತ, ಮಕ್ಕಳ ತಂಡಕ್ಕೆ ಸಹಾಯಕನಾಗಿ ದುಡಿಯುತ್ತಿದ್ದವನಿಗೆ ಅದು ಸಣ್ಣ ಮೊತ್ತವಲ್ಲ.

ದುಡ್ಡು ಖಾಲಿಯಾದ ಮೇಲೆ ಎರಡೂ ಪ್ರಯತ್ನಗಳ ನಾಲ್ಕು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. 72 ಹೋಲ್‌ಗಳಲ್ಲಿ ಹದಿನೈದು ಕಡೆ ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದು. ಅವುಗಳಲ್ಲಿ ಹತ್ತು ಟೀ ಹೊಡೆತದಿಂದಲೇ (ಹೋಲ್‌ನ ಮೊದಲ ಹೊಡೆತ) ಹುಟ್ಟಿದವು: ಡ್ರೈವರ್ ಬಲಕ್ಕೆ ಹೋಗುವುದು, ಮೂರು ನಿಮಿಷ ಪೊದೆಯಲ್ಲಿ ಹುಡುಕುವುದು, ಸಿಗದೆ ತಲೆ ತಗ್ಗಿಸಿ ಮತ್ತೆ ಟೀಗೆ ನಡೆದು ಮೂರನೇ ಹೊಡೆತ ಹೊಡೆಯುವುದು. ಬರ್ಡಿಗಳ (ಪಾರ್‌ಗಿಂತ ಒಂದು ಕಡಿಮೆ) ಕೊರತೆ ನನ್ನನ್ನು ಸೋಲಿಸಿರಲಿಲ್ಲ.

ಅಂದೇ ಡ್ರೈವರನ್ನು ಚೀಲದಿಂದ ತೆಗೆದೆ. ಚೀಲದ ಹದಿನಾಲ್ಕು ಕ್ಲಬ್‌ಗಳಲ್ಲಿ ತೆರವಾದ ಜಾಗಕ್ಕೆ ಇನ್ನೊಂದು ವೆಜ್ (ಹತ್ತಿರದ ಹೊಡೆತದ ಕ್ಲಬ್) ಬಂತು. ಡ್ರೈವರ್‌ಗಿಂತ ಗಿಡ್ಡದಾದ ತ್ರೀ ವುಡ್‌ನಿಂದ ಟೀ ಹೊಡೆದರೆ ನನಗೆ ಸುಮಾರು 25 ಗಜ ನಷ್ಟ. ಎರಡನೇ ಹೊಡೆತಕ್ಕೆ ಎಂಟನೇ ಐರನ್ ಬದಲು ಆರನೆಯದು ಹಿಡಿಯಬೇಕು, ಅಷ್ಟೇ. ಆದರೆ ಆ ಹೊಡೆತ ಹುಲ್ಲು ಕತ್ತರಿಸಿದ ಜಾಗದಿಂದ.

ಎರಡನೆಯ ಕೆಲಸವೇ ಮುಖ್ಯವಾದದ್ದು. ನನ್ನದೇ ಪಾರ್ ಬರೆದುಕೊಂಡೆ. ಪಾರ್ 72ರ ಅಂಗಳದಲ್ಲಿ ಅತಿ ಕಠಿಣವಾದ ಆರು ಹೋಲ್ ಆರಿಸಿ, ಪ್ರತಿಯೊಂದಕ್ಕೂ ಒಂದು ಹೊಡೆತ ಮೊದಲೇ ದಾನ ಮಾಡಿದೆ. ನನ್ನ ಕಾರ್ಡಿನಲ್ಲಿ ಪಾರ್ 78. ಎರಡು ಸುತ್ತಿಗೆ 156. ಗುರಿ 157! ನೀರಿನ ಅಂಚಿನಲ್ಲಿರುವ 440 ಗಜದ ಪಾರ್ ನಾಲ್ಕು ನನಗೆ ಪಾರ್ ಐದು. ಎರಡನೇ ಹೊಡೆತಕ್ಕೆ ಗ್ರೀನ್ (ಕುಳಿಯಿರುವ ನುಣುಪು ಹುಲ್ಲಿನ ಜಾಗ) ಕಡೆ ನೋಡುವುದೇ ಇಲ್ಲ; 80 ಗಜ ಉಳಿಯುವ ಹಾಗೆ ನಿಲ್ಲಿಸಿ, ವೆಜ್ ಹೊಡೆದು, ಎರಡು ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ). ಬೋಗಿ ಬರೆದಾಗ ಮನಸ್ಸಿಗೆ ಏಟು ಬೀಳುವುದಿಲ್ಲ, ಏಕೆಂದರೆ ನನ್ನ ಕಾರ್ಡಿನಲ್ಲಿ ಅದು ಪಾರ್. ಒಂದು ಬೋಗಿಯ ಸಿಟ್ಟಿನಲ್ಲಿ ಮುಂದಿನ ಹೋಲ್ ಕೆಡಿಸಿಕೊಳ್ಳುವ ನನ್ನ ಹಳೆಯ ರೋಗ ಇದರಿಂದಲೇ ವಾಸಿಯಾಯಿತು. ಆ ಆರು ಹೋಲ್‌ಗಳನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಪೂರ್ತಿ ಹೇಳಲಾರೆ. ಕಾರ್ಡಿನಲ್ಲಿ ಅಚ್ಚಾದ ಕಠಿಣತೆಯ ಕ್ರಮವನ್ನು ನೋಡಿ ಮಾತ್ರ ಆರಿಸುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಅಭ್ಯಾಸವನ್ನೂ ಬದಲಿಸಿದೆ. ದಿನಕ್ಕೆ 300 ಚೆಂಡು ಪೂರ್ತಿ ಸ್ವಿಂಗ್‌ನಲ್ಲಿ ಹೊಡೆಯುತ್ತಿದ್ದವನು ಸುಮಾರು 120ಕ್ಕೆ ಇಳಿಸಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು 40ರಿಂದ 100 ಗಜದೊಳಗೆ. ಮೂರು ವೆಜ್, ಪ್ರತಿಯೊಂದಕ್ಕೂ ಮೂರು ಅಳತೆಯ ಹಿಂದೆಳೆತ, ಒಟ್ಟು ಒಂಬತ್ತು ದೂರ. ಒಂದೇ ದೂರಕ್ಕೆ ಸತತ ಎರಡು ಚೆಂಡು ಹೊಡೆಯುವುದಿಲ್ಲ ಎಂಬ ನಿಯಮ ಹಾಕಿಕೊಂಡೆ. ಮೊದಲ ಮೂರು ವಾರ ಆಟ ಕೆಟ್ಟಿತು, ರೇಂಜ್‌ನಲ್ಲಿ ನೋಡುತ್ತಿದ್ದವರು ಮರುಕಪಟ್ಟರು. ನಾಲ್ಕನೇ ವಾರದಿಂದ ಅಂಗಳದಲ್ಲಿ ಫಲ ಕಾಣಿಸಿತು.

ಪಟ್‌ಗೆ ಬಾಗಿಲು ಕಟ್ಟಿಕೊಂಡೆ. ಮೂರು ಮೀಟರ್ ದೂರದಲ್ಲಿ ಚೆಂಡಿನ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಅದು ಸುಮಾರು 5 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಕುಳಿಯ ವ್ಯಾಸ 108 ಮಿಲಿಮೀಟರ್, ಅರ್ಧ ಎಂದರೆ 54. ಹಾಗಾಗಿ ಒಂದು ಡಿಗ್ರಿಯೇ ನನ್ನ ಗಡಿ. ಚೆಂಡಿನಿಂದ ಅರ್ಧ ಮೀಟರ್ ಮುಂದೆ, ನಡುವೆ 6 ಸೆಂಟಿಮೀಟರ್ ಬಿಟ್ಟು ಎರಡು ಟೀ (ಚೆಂಡು ಇಡುವ ಚಿಕ್ಕ ಕಡ್ಡಿ) ಚುಚ್ಚಿ. ಚೆಂಡು ಅವುಗಳನ್ನು ಮುಟ್ಟದೆ ದಾಟಿದರೆ ಆ ಡಿಗ್ರಿಯೊಳಗೆ ಇದ್ದೀರಿ ಎಂದರ್ಥ. ಸತತ ಮೂವತ್ತು ದಾಟಿಸದೆ ಮನೆಗೆ ಹೋಗುತ್ತಿರಲಿಲ್ಲ. ಇಪ್ಪತ್ತೆಂಟನೆಯದು ಟೀಗೆ ತಾಗಿ "ಟಿಕ್" ಎಂದ ಸಂಜೆಗಳು ಎಷ್ಟೋ. ಮತ್ತೆ ಒಂದರಿಂದ ಎಣಿಕೆ.

ನಡುವೆ ಒಂದಷ್ಟು ಪ್ರಯೋಗಗಳೂ ನಡೆದವು. ತ್ರೀ ವುಡ್ ಶಾಫ್ಟ್ (ಕೋಲು) ಅರ್ಧ ಇಂಚು ಕತ್ತರಿಸಿದೆ. ಸ್ವಿಂಗ್ ತೂಕ (ಬೀಸುವಾಗ ಕ್ಲಬ್ಬಿನ ತಲೆ ಎಷ್ಟು ಭಾರ ಎನಿಸುತ್ತದೆ ಎಂಬ ಅಳತೆ) ಸುಮಾರು ಮೂರು ಅಂಕ ಇಳಿಯಿತು, ತಲೆಗೆ 6 ಗ್ರಾಂನಷ್ಟು ಸೀಸದ ಪಟ್ಟಿ ಅಂಟಿಸಿ ಸರಿದೂಗಿಸಿದೆ. ಚೆಂಡು ಕ್ಲಬ್ ಮುಖದ ಮಧ್ಯಕ್ಕೆ ತಾಗುವುದು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಈ ಕೆಲಸ ಇಂದಿಗೂ ನನ್ನ ಹೆಮ್ಮೆ. ಬಕೆಟ್ ನೀರಿಗೆ ಚೆಂಡು ತೇಲುವವರೆಗೆ ಉಪ್ಪು ಕರಗಿಸಿ, ಯಾವ ಚೆಂಡಿನ ತೂಕ ಒಂದು ಬದಿಗೆ ವಾಲಿದೆ ಎಂದೂ ನೋಡಿದೆ. ಎರಡು ಡಜನ್‌ನಲ್ಲಿ ಐದಾರು ಚೆಂಡು, ಎಷ್ಟು ತಿರುಗಿಸಿದರೂ ಗುರುತು ಹಾಕಿದ ಬದಿಯನ್ನೇ ಮೇಲೆ ತಂದವು. ಅವನ್ನು ಗ್ರೀನ್‌ನಲ್ಲಿ ಉರುಳಿಸಿದಾಗ ಉಳಿದವಕ್ಕಿಂತ ಬೇರೆಯಾಗಿ ಓಡಿದ್ದು ನನಗೆ ಕಾಣಲಿಲ್ಲ. ಎರಡು ವಾರಾಂತ್ಯ ಅದಕ್ಕೆ ಹೋಯಿತು.

ಮೂರನೇ ಪ್ರಯತ್ನದಲ್ಲಿ ಒಟ್ಟು 156 ಬಂತು. ಗುರಿ 157. ಆದರೂ ಪಾಸಾಗಲಿಲ್ಲ. ಹನ್ನೊಂದನೇ ಹೋಲ್‌ನಲ್ಲಿ ನಾನು 5, ಹನ್ನೆರಡರಲ್ಲಿ 4 ಹೊಡೆದಿದ್ದೆ; ನನ್ನ ಅಂಕಿ ಬರೆಯುವ ಮಾರ್ಕರ್ ಅದಲುಬದಲು ಬರೆದಿದ್ದರು. ಒಟ್ಟು ಮೊತ್ತ ಸರಿಯಾಗಿಯೇ ಇತ್ತು, ನಾನು ಮೊತ್ತವನ್ನಷ್ಟೇ ನೋಡಿ ಸಹಿ ಹಾಕಿದೆ. ಒಂದು ಹೋಲ್‌ನಲ್ಲಿ ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಅನರ್ಹತೆ, ಮೊತ್ತ ಏನೇ ಇರಲಿ. 1968ರ ಮಾಸ್ಟರ್ಸ್ ಟೂರ್ನಿಯಲ್ಲಿ ರೊಬೆರ್ಟೊ ಡಿ ವಿಸೆಂಜೊ ಅವರ ಕಾರ್ಡಿನಲ್ಲಿ ಹದಿನೇಳನೇ ಹೋಲ್‌ಗೆ 3ರ ಬದಲು 4 ಬರೆದಿತ್ತು; ಹೆಚ್ಚು ಬರೆದ ಅಂಕಿ ಹಾಗೆಯೇ ಉಳಿಯುತ್ತದೆ ಎಂಬ ನಿಯಮದಿಂದ ಅವರಿಗೆ ಪ್ಲೇಆಫ್ (ಸಮಬಲವಾದಾಗಿನ ನಿರ್ಣಾಯಕ ಆಟ) ತಪ್ಪಿತು. ಈ ಕಥೆಯನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಆ ರಾತ್ರಿ ನಿದ್ರೆ ಬರಲಿಲ್ಲ. ಈಗ ಪ್ರತಿ ಹೋಲ್ ಮುಗಿದೊಡನೆ ಅಂಕಿಯನ್ನು ಮಾರ್ಕರ್ ಎದುರು ಜೋರಾಗಿ ಹೇಳುತ್ತೇನೆ, ಕೊನೆಗೆ ಒಂದರಿಂದ ಹದಿನೆಂಟರವರೆಗೆ ಇಬ್ಬರೂ ಓದುತ್ತೇವೆ, ಆಮೇಲೆ ಪೆನ್ನು.

ಆ 156ನ್ನು ಕಂಡವರು "ಅಂಗಳ ಸುಲಭವಿತ್ತು" ಎಂದರು. ನಾಲ್ಕನೇ ಪ್ರಯತ್ನ ಅವರ ಮಾತಿಗೆ ಬಲ ಕೊಟ್ಟಿತು: ಬೆಳಗ್ಗೆ 76, ಮಧ್ಯಾಹ್ನ 85. ಕಾರಣ ಕಾಲುಗಳು. ಇಪ್ಪತ್ತೆಂಟನೇ ಹೋಲ್ ಆದ ಮೇಲೆ ಮೊಣಕಾಲು ಮಡಚಿ ನಿಲ್ಲುವ ಶಕ್ತಿ ಇರಲಿಲ್ಲ, ಚೆಂಡಿನ ಹಿಂದೆ ನೆಲಕ್ಕೆ ಹೊಡೆಯತೊಡಗಿದ್ದೆ. ಅಲ್ಲಿಯವರೆಗೆ ಅಭ್ಯಾಸದಲ್ಲಿ ಒಂದೇ ದಿನ 36 ಹೋಲ್ ನಡೆದೇ ಇರಲಿಲ್ಲ. ಮುಂದಿನ ಐದು ತಿಂಗಳು ಹದಿನೈದು ದಿನಕ್ಕೊಮ್ಮೆ ಚೀಲ ಹೆಗಲಿಗೇರಿಸಿ 36 ನಡೆದೆ. ಕೊನೆಯ ಒಂಬತ್ತರ ಅಂಕಿಯನ್ನು ಮಾತ್ರ ಬರೆದಿಟ್ಟೆ, ಉಳಿದದ್ದು ನನಗೆ ಬೇಕಿರಲಿಲ್ಲ. 44ರಿಂದ ಶುರುವಾಗಿ 39ಕ್ಕೆ ಬಂದು ನಿಂತಾಗ ಐದನೇ ಬಾರಿಗೆ ಹೆಸರು ಕೊಟ್ಟೆ.

ಆಟ ಗೆದ್ದ ಮೇಲೆ ಕಲಿಸುವ ಪರೀಕ್ಷೆ ಇತ್ತು. ಮೊದಲ ಸಲ ಅದರಲ್ಲೂ ಬಿದ್ದೆ; ಅರ್ಧ ಗಂಟೆಯಲ್ಲಿ ಏಳು ಸೂಚನೆ ಕೊಟ್ಟಿದ್ದೇ ಕಾರಣ. ಎರಡನೇ ಸಲ ಅರವತ್ತು ದಾಟಿದವರೊಬ್ಬರು ಬಂದರು, ಪ್ರತಿ ಚೆಂಡೂ ಬಲಕ್ಕೆ ಬಾಗುತ್ತಿತ್ತು. ಎಡಗೈ ಹಿಡಿತದಲ್ಲಿ ಒಂದೇ ಗೆಣ್ಣು ಕಾಣುತ್ತಿತ್ತು, ಕ್ಲಬ್ ಮುಖ ತೆರೆದೇ ಬರುತ್ತಿತ್ತು. "ಸರ್, ಎಡಗೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ. ಮೇಲಿಂದ ನೋಡಿದರೆ ಎಷ್ಟು ಗೆಣ್ಣು ಕಾಣುತ್ತಿವೆ?" ಎಂದೆ. "ಎರಡು... ಮೂರು," ಎಂದರು. "ಹಾಗೇ ಹೊಡೆಯಿರಿ." ಮೊದಲ ಮೂರು ಚೆಂಡು ಎಡಕ್ಕೆ ಹೋದವು. ನಾನು ಬಾಯಿ ಬಿಡಲಿಲ್ಲ. ನಾಲ್ಕನೆಯದು ನೇರ ಹೋಯಿತು. ಅವರು ಕ್ಲಬ್ ಇಳಿಸದೆ ಹಾಗೇ ನಿಂತು ಅದು ಬೀಳುವವರೆಗೂ ನೋಡಿದರು. ಪರೀಕ್ಷಕರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಪಾಸಾಯಿತೆಂದು ನನಗೆ ಆಗಲೇ ಗೊತ್ತಾಯಿತು.

ಒಟ್ಟು ಖರ್ಚು, ಐರನ್ ನಷ್ಟವೂ ಸೇರಿ, ಸುಮಾರು ಆರು ತಿಂಗಳ ಸಂಬಳ. ಪ್ರಮಾಣಪತ್ರ ಬಂದ ಮೇಲೆ ಪಾಠದ ಶುಲ್ಕ ಎರಡೂವರೆ ಪಟ್ಟಾಯಿತು, ಹದಿನಾಲ್ಕು ತಿಂಗಳಲ್ಲಿ ಎಲ್ಲವೂ ವಾಪಸ್ಸು ಬಂತು.

ಹೆಸರು ಕೊಡಲಿರುವವರಿಗೆ ಇನ್ನೊಂದು ಮಾತು: ಅಭ್ಯಾಸ ಸುತ್ತನ್ನು ಮಧ್ಯಾಹ್ನ ಆಡಿ. ಬೆಳಗ್ಗೆ ಕತ್ತರಿಸಿದ ಹುಲ್ಲು ಸಂಜೆಯ ಹೊತ್ತಿಗೆ ಬೆಳೆದು ಗ್ರೀನ್ ನಿಧಾನವಾಗುತ್ತದೆ. ನಿಮ್ಮ ಕೊನೆಯ ಒಂಬತ್ತು ಹೋಲ್‌ಗಳ ಪಟ್ ಆ ಹುಲ್ಲಿನ ಮೇಲೆಯೇ.