ಪ್ಲೇಟೋನ ಬೋಳು ಗುಡ್ಡ ಮತ್ತು ಸರೋವರದ ಕೆಸರು

ಪ್ರಾಚೀನ ಪರಿಸರ ಚರಿತ್ರೆಗೆ ನಾನು ಬಂದದ್ದು ಗ್ರೀಕ್ ಭಾಷೆ ಕಲಿಯುತ್ತಾ. ‘ಕ್ರಿಟಿಯಾಸ್’ ಎಂಬ ಸಂವಾದದಲ್ಲಿ ಪ್ಲೇಟೋ ಅಥೆನ್ಸ್ ಸುತ್ತಲಿನ ಅಟ್ಟಿಕಾ ಪ್ರದೇಶವನ್ನು ರೋಗದಿಂದ ಸೊರಗಿ ಎಲುಬು ಬಿಟ್ಟ ದೇಹಕ್ಕೆ ಹೋಲಿಸುತ್ತಾನೆ. ಮೆತ್ತನೆಯ ಮಣ್ಣೆಲ್ಲ ಕೊಚ್ಚಿಹೋಗಿ ಉಳಿದದ್ದು ಅಸ್ಥಿಪಂಜರ ಮಾತ್ರ. ಆ ಸಾಲು ನನ್ನನ್ನು ಹಿಡಿದುಬಿಟ್ಟಿತು. ಗ್ರೀಕರು ಹಡಗಿಗೂ ಮನೆಗೂ ಕಾಡು ಕಡಿದು ನೆಲ ಹಾಳುಮಾಡಿದರೆಂದು ಎರಡು ವರ್ಷ ಗ್ರಂಥಗಳಿಂದಲೇ ಪ್ರಬಂಧ ಕಟ್ಟಿದೆ. ಆದರೆ ಪ್ಲೇಟೋ ಮಣ್ಣು ಕೊಚ್ಚಿಹೋದದ್ದನ್ನು 9000 ವರ್ಷಗಳ ಮಹಾಪ್ರವಾಹಗಳಿಗೆ ಕಟ್ಟುತ್ತಾನೆ. ಅದೇ ಪುಟದಲ್ಲಿದ್ದ ಆ ಮಾತನ್ನು ದಾಟಿಕೊಂಡು ನಾನು ಎಲ್ಲವನ್ನೂ ಕೊಡಲಿಯ ತಲೆಗೆ ಕಟ್ಟಿದ್ದೆ.

“ಮಣ್ಣು ಏನು ಹೇಳುತ್ತದೆ, ನೋಡಿದಿರಾ?” ಎಂದು ಮಾರ್ಗದರ್ಶಕರು ಕೇಳಿದರು. ಕೆಸರಿನ ಪದರಗಳಲ್ಲಿ ಉಳಿದ ಹೂವಿನ ಪರಾಗ, ಆಯಾ ಕಾಲದಲ್ಲಿ ಯಾವ ಗಿಡಮರಗಳಿದ್ದವೆಂದು ಹೇಳುತ್ತದೆ. ಆ ಪರಾಗ ಎಣಿಸಲು ಕಲಿತದ್ದು ಆಮೇಲೆ.

ಸರೋವರದ ತಳದಿಂದ ಕೊಳವೆಯಲ್ಲಿ ಎತ್ತಿದ ಕೆಸರನ್ನು ಆಮ್ಲಗಳಲ್ಲಿ ಹಾಕಿ ಸುಣ್ಣ, ಮರಳು ಕರಗಿಸಬೇಕು. ಉಳಿದದ್ದನ್ನು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದು ಪದರಕ್ಕೆ 300ರಿಂದ 500 ಪರಾಗ ಕಣಗಳನ್ನು ಗುರುತಿಸಬೇಕು. ಆಲಿವ್ ಪರಾಗದ ಮೈ ಬಲೆ ಹೆಣೆದಂತೆ. ಪೈನ್ ಕಣಕ್ಕೆ ಎರಡು ಗಾಳಿಚೀಲ. ಎಷ್ಟೋ ದೂರದಿಂದ ತೇಲಿಬರುತ್ತದೆ. ಹೀಗಾಗಿ ಪೈನ್ ಹೆಚ್ಚು ಕಂಡ ಮಾತ್ರಕ್ಕೆ ದಡದಲ್ಲೇ ಪೈನ್ ಕಾಡಿತ್ತು ಎನ್ನಲಾಗದು. ಇದು ಕೈಗೆ ಹತ್ತಲು ನನಗೆ ಒಂದು ವರ್ಷ ಹಿಡಿಯಿತು.

ಓಕ್ ಪರಾಗ ಒಂದು ಪದರದಲ್ಲಿ ತಟ್ಟನೆ ಕುಸಿದಿತ್ತು. ರೇಡಿಯೋಕಾರ್ಬನ್ (ಜೀವಿ ಸತ್ತ ಮೇಲೆ ಕಾಲಕ್ರಮೇಣ ಕುಗ್ಗುವ ಒಂದು ಬಗೆಯ ಇಂಗಾಲ) ಅಳೆದು ತೆಗೆದ ಕಾಲಮಾನ ಪ್ಲೇಟೋನ ಶತಮಾನಕ್ಕೇ, ಕ್ರಿ.ಪೂ. ನಾಲ್ಕನೆಯದಕ್ಕೇ ಬಂತು! ಹಿಗ್ಗಿನಿಂದ ಅಧ್ಯಾಯ ಬರೆದು ಮುಗಿಸಿದೆ. ಕರಡು ಓದಿದ ಭೂವಿಜ್ಞಾನಿಯೊಬ್ಬರು ಸುತ್ತಲಿನ ಬಂಡೆ ಯಾವುದೆಂದು ಕೇಳಿದರು. ಸುಣ್ಣಕಲ್ಲು. ಅದು ಕರಗಿದ ನೀರಿಗೆ ಸೇರುವ ಇಂಗಾಲ ಲಕ್ಷಾಂತರ ವರ್ಷ ಹಳೆಯದು. ಅದನ್ನು ಹೀರಿದ ಜಲಸಸ್ಯ ತನ್ನ ನಿಜ ವಯಸ್ಸಿಗಿಂತ ಹಳೆಯದಾಗಿ ಕಾಣುತ್ತದೆ. ನಾನು ಪರೀಕ್ಷೆಗೆ ಕಳಿಸಿದ್ದು ಜಲಸಸ್ಯದ ಚೂರುಗಳನ್ನೇ. ಅದೇ ಪದರದಲ್ಲಿ ಉಗುರಿನಷ್ಟಗಲದ ಓಕ್ ಎಲೆಯ ತುಣುಕೊಂದು ಸಿಕ್ಕಿತು. ನೆಲದ ಮರ, ಗಾಳಿಯ ಇಂಗಾಲ. ಅದರ ಕಾಲ ಪ್ಲೇಟೋನ ನಂತರದ ರೋಮನ್ ಆಳ್ವಿಕೆಗೆ ಬಂದು ನಿಂತಿತು. ಅಧ್ಯಾಯವನ್ನು ಮೊದಲಿನಿಂದ ಬರೆದೆ. ಆ ಎಲೆಗೆ ನಾನು ಇಂದಿಗೂ ಋಣಿ.

ಕೆಲಸ ಸಿಗುವುದು ಸುಲಭವಿರಲಿಲ್ಲ. ಇತಿಹಾಸದವರಿಗೆ ನಾನು ವಿಜ್ಞಾನಿ, ವಿಜ್ಞಾನದವರಿಗೆ ಸಾಹಿತ್ಯದವಳು. ಎರಡೂ ಕಡೆ ಕೆಲಸ ಕಲಿತವರು ಈ ಕ್ಷೇತ್ರಕ್ಕೆ ಬೇಕೇ ಬೇಕು ಎಂಬ ನನ್ನ ನಂಬಿಕೆ ಮಾತ್ರ ಸಡಿಲವಾಗಿಲ್ಲ.

ಉದಾಹರಣೆಗೆ, ಅಲಾಸ್ಕಾದ ಓಕ್ಮೋಕ್ ಜ್ವಾಲಾಮುಖಿ ಕ್ರಿ.ಪೂ. 43ರಲ್ಲಿ ಸಿಡಿದದ್ದನ್ನು ಧ್ರುವದ ಹಿಮದಲ್ಲಿ ಹೂತ ಬೂದಿಯಿಂದ ಗುರುತಿಸಿ 2020ರಲ್ಲಿ ಪ್ರಕಟಿಸಿದರು. ಕ್ರಿ.ಪೂ. 44ರ ಸೀಸರ್ ಹತ್ಯೆಯ ನಂತರದ ಚಳಿ, ಬರ, ನೈಲ್ ಉಕ್ಕದೇ ಹೋದದ್ದು ಗ್ರಂಥಗಳಲ್ಲಿ ಮೊದಲೇ ಇದ್ದವು. ಆದರೆ ಇಸವಿ ಹೊಂದಿದ ಮಾತ್ರಕ್ಕೆ ಕಾರಣ ಸಾಬೀತಾಗದು. ನೈಲ್ ಕೈಕೊಟ್ಟ ವರ್ಷ ರೈತ ಕಂದಾಯ ಕಟ್ಟಿದನೇ, ಹೊಲ ಬಿಟ್ಟು ಹೋದನೇ? ಅದನ್ನು ತಿಳಿಯಲು ಈಗ ಪಪೈರಸ್ (ಪ್ರಾಚೀನ ಈಜಿಪ್ಟಿನ ಜೊಂಡಿನ ಹಾಳೆಯ ದಾಖಲೆ) ಓದುವವರ ಪಕ್ಕ ಕೂತು ಅಕ್ಷರ ಬಿಡಿಸುತ್ತಿದ್ದೇನೆ.